ಕುದುರೆ ಏರಿದವರ ಕಾಲುನೋವು

‘ಕುದುರೆ ಕಂಡರೆ ಕಾಲುನೋವು’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ನಡೆದು ಹೋಗುವವನ ಕಣ್ಣಿಗೆ ದಾರಿಯಲ್ಲಿ ಕುದುರೆಯೊಂದು ಬಿದ್ದೊಡನೆ, ಅದುವರೆಗೆ ಇಲ್ಲದ ಕಾಲುನೋವು ಹುಟ್ಟಿಕೊಳ್ಳುವುದೆಂದು ಮನುಷ್ಯನ ಸುಖಾಪೇಕ್ಷೆಯನ್ನು ಪರಿಹಾಸ ಮಾಡುವ ಮಾತು ಅದು. ಆದರೆ ಗಾದೆ ಅಲ್ಲಿಗೇ ನಿಂತುಬಿಡುತ್ತದೆ. ಕುದುರೆಯನ್ನು ಏರಿದ ಮೇಲೆ ಬರುವ ಕಾಲುನೋವು, ಸೊಂಟನೋವು, ಬೆನ್ನುನೋವುಗಳ ವಿಚಾರವನ್ನು ಅದು ಎತ್ತುವುದಿಲ್ಲ. ಗಾದೆ ಎತ್ತದಿದ್ದರೆ ಹೋಗಲಿ. ಕುದುರೆಯೊಡನೆ ದಿನ ಕಳೆಯುವ ಸವಾರರೂ, ಅವರನ್ನು ಪಳಗಿಸುವ ಗುರುಗಳೂ, ಅವರಿಂದ ಕೆಲಸ ಪಡೆಯುವ ಸಂಸ್ಥೆಗಳೂ ಆ ವಿಚಾರವನ್ನು ಎತ್ತಲು ಹಿಂಜರಿಯುವರೆಂಬುದೇ ಚಿಂತೆಗೆ ಕಾರಣವಾದ ಸಂಗತಿ.

ಕುದುರೆ ಕನ್ನಡಿಗನಿಗೆ ಪರಕೀಯ ಪ್ರಾಣಿಯೇನಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಿಂದಲೂ ಕುಣಿಗಲ್ಲು ಅಶ್ವಸಂತಾನಕ್ಕೆ ಹೆಸರಾದ ಊರು. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪಡೆಯ ಗಾಂಭೀರ್ಯವನ್ನು ಕಂಡು ಹಿಗ್ಗದ ಮಗುವಿಲ್ಲ. ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರು ದಿನವೂ ಹಾದುಹೋಗುವ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಉಳಿದೆರಡು ಜೋಧಪುರ ಮತ್ತು ಹೈದರಾಬಾದಿನವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಟ್ಟವರು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ ದಳದವರು. ಆ ನೆನಪಿಗಾಗಿಯೇ 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಅದೇ ವರ್ಷ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅಶ್ವಾರೋಹಣದಲ್ಲಿ ವೈಯಕ್ತಿಕ ಬೆಳ್ಳಿಪದಕವನ್ನು ಗಳಿಸಿದರು. 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸಿನಲ್ಲೂ ಅವರು ಭಾರತವನ್ನು ಪ್ರತಿನಿಧಿಸಿದರು. ಹೀಗೆ ಕನ್ನಡನಾಡಿಗೂ ಕುದುರೆಗೂ ಇರುವ ನಂಟು ಹಳೆಯದೂ ಹೌದು, ಹೊಸದೂ ಹೌದು.

ಪ್ರತಿಮೆಗೆ ಬೆನ್ನುನೋವಿಲ್ಲ. ಪದಕಕ್ಕೂ ಇಲ್ಲ. ಅವೆರಡರ ಹಿಂದಿರುವ ಮನುಷ್ಯನಿಗೆ ಮಾತ್ರ ಉಂಟು.

ಮುಂಬಯಿಯ ಮಹಾಲಕ್ಷ್ಮಿ, ಪುಣೆಯ ಕ್ಯಾಂಪು, ಚೆನ್ನೈಯ ಗಿಂಡಿ, ಹೈದರಾಬಾದಿನ ಮಲಕಪೇಟೆ – ಈ ರೇಸ್‌ಕೋರ್ಸುಗಳ ಹೆಸರನ್ನು ಆಯಾ ನಗರದ ಕನ್ನಡಿಗರೆಲ್ಲರೂ ಬಲ್ಲರು. ನಗರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತಿಗೆ ಇಂಥ ಕಡೆಗಳಲ್ಲಿ ಕುದುರೆಗಳಿಗೆ ವ್ಯಾಯಾಮ ಮಾಡಿಸುವ ಸವಾರರ ದುಡಿಮೆ ನಡೆದಿರುತ್ತದೆ. ಬಹುಮಾನದ ದಿನ ಪತ್ರಿಕೆಯಲ್ಲಿ ಹೆಸರು ಬರುವುದು ಜಾಕಿಯದು ಮತ್ತು ಕುದುರೆಯದು. ಬೆಳಗಿನ ಈ ಸವಾರನ ಹೆಸರು ಬರುವುದಿಲ್ಲ. ಇವನಲ್ಲದೆ, ಪೊಲೀಸು ಮತ್ತು ಸೈನ್ಯದ ಸವಾರರು, ಮಾಥೆರಾನ್‌ನಂಥ ಗಿರಿಧಾಮಗಳಲ್ಲಿ ಕುದುರೆಯನ್ನೇ ನಂಬಿ ಬಾಳುವವರು, ಸವಾರಿಶಾಲೆಗೆ ಸೇರಿದ ಮಕ್ಕಳು, ನಲವತ್ತು ದಾಟಿದ ಮೇಲೆ ಭಾನುವಾರದ ಹವ್ಯಾಸವೆಂದು ರಿಕಾಪಿಗೆ ಕಾಲಿಟ್ಟ ಕಚೇರಿಯ ಗೃಹಸ್ಥರು – ಇವರೆಲ್ಲರೂ ಒಂದೇ ನೋವಿನ ಬೇರೆ ಬೇರೆ ಪಾಲುದಾರರು.

ಕುದುರೆಯ ಲೆಕ್ಕ, ಸವಾರನ ಲೆಕ್ಕ

ಒಳ್ಳೆಯ ಲಾಯವೊಂದನ್ನು ಹೊಕ್ಕು ನೋಡಿದರೆ ಕುದುರೆಯ ಬಗೆಗೆ ತೋರುವ ಕಾಳಜಿ ಮನಸ್ಸನ್ನು ತುಂಬುತ್ತದೆ. ಕೆಲವು ವಾರಗಳಿಗೊಮ್ಮೆ ಲಾಳ ಬದಲಾಗುತ್ತದೆ. ಕಾಲಿನಲ್ಲಿ ತುಸು ಬಿಸಿ ಕಂಡರೂ ಪಶುವೈದ್ಯರಿಗೆ ಕರೆ ಹೋಗುತ್ತದೆ. ಕುದುರೆ ಎಡಗಾಲನ್ನು ಎಳೆದು ಹಾಕಿತೆಂದರೆ ಆ ದಿನದ ಸವಾರಿ ರದ್ದು. ಇದು ಆಗಬೇಕಾದದ್ದೇ, ಮೂಕಪ್ರಾಣಿಯ ವಿಚಾರದಲ್ಲಿ ಇದಕ್ಕಿಂತ ಕಡಿಮೆ ಮಾಡುವುದು ಪಾಪ.

ಆದರೆ ಅದೇ ಕುದುರೆಯಿಂದ ಇಳಿದ ಸವಾರ ಸೊಂಟಕ್ಕೆ ಕೈಯಿಟ್ಟುಕೊಂಡು ಹತ್ತು ಹೆಜ್ಜೆ ಕುಂಟಿದರೆ ಯಾರೂ ತಿರುಗಿ ನೋಡುವುದಿಲ್ಲ. ‘ಸವಾರಿ ಎಂದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಒಂದು ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಸವಾರನೂ ಆ ಮಾತನ್ನೇ ಹೇಳುತ್ತಾನೆ. ಸಂಬಳದವನಿಗೆ ಕೆಲಸ ತಪ್ಪೀತೆಂಬ ಭಯ. ಸ್ಪರ್ಧಾಳುವಿಗೆ ತಂಡದಿಂದ ಹೆಸರು ಬಿಟ್ಟುಹೋದೀತೆಂಬ ಭಯ. ಹವ್ಯಾಸಿಗೆ ‘ಈ ವಯಸ್ಸಿನಲ್ಲಿ ನಿಮಗೇಕೆ ಬೇಕಿತ್ತು’ ಎಂದು ಮನೆಯವರು ಆಡಿಯಾರೆಂಬ ಸಂಕೋಚ.

ತಾಳಿದವನು ಬಾಳಿಯಾನು ಎಂಬುದು ಬಡತನಕ್ಕೆ, ಬೈಗುಳಕ್ಕೆ, ಕಷ್ಟಕಾಲಕ್ಕೆ ಒಪ್ಪುವ ಮಾತು. ಬೆನ್ನುಮೂಳೆಯ ನೋವಿಗೆ ಅದನ್ನು ಅನ್ವಯಿಸಿದರೆ ತಾಳಿದವನು ಬಾಳುವ ಬದಲು ಬೀಳುತ್ತಾನೆ. ಯಾವ ವ್ಯಾಪಾರಿಯೂ ತನ್ನ ಯಂತ್ರದ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದೆ ವರ್ಷದ ಲಾಭವನ್ನು ಸಾರುವುದಿಲ್ಲ. ಸಾರಿದರೆ ಅದು ಸುಳ್ಳು ಲೆಕ್ಕ. ಸವಾರನ ಬೆನ್ನಿನ ಸವಕಳಿಯನ್ನು ಬರೆದಿಡದೆ ಅವನ ಸಾಮರ್ಥ್ಯವನ್ನು ಹೊಗಳುವುದೂ ಅಂಥದೇ ಸುಳ್ಳು ಲೆಕ್ಕ.

ನೋವು ಹುಟ್ಟುವ ಬಗೆ

ಕುದುರೆಯ ಮೇಲೆ ಕುಳಿತವನು ಸುಮ್ಮನೆ ಕುಳಿತಿರುವನೆಂದು ನೋಡುವವರಿಗೆ ತೋರುತ್ತದೆ. ವಾಸ್ತವವಾಗಿ ಅವನ ಸೊಂಟ ಕ್ಷಣವೂ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಕುದುರೆಯ ಸಾಧಾರಣ ನಡಿಗೆಯಲ್ಲಿ ನಾಲ್ಕು ಕಾಲುಗಳು ಒಂದಾದ ಮೇಲೊಂದು ನೆಲಕ್ಕೆ ತಾಗುತ್ತವೆ; ಆಗ ಸವಾರನ ಸೊಂಟ ಅವನು ತಾನೇ ನಡೆಯುವಾಗ ಆಡುವಂತೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಮೃದುವಾಗಿ ಆಡುತ್ತದೆ. ಟ್ರಾಟ್ ಎನ್ನುವ ಕುಲುಕು ಓಟದಲ್ಲಿ ಎದುರುಬದುರು ಮೂಲೆಯ ಎರಡೆರಡು ಕಾಲುಗಳು ಜೊತೆಯಾಗಿ ನೆಲಕ್ಕೆ ಬೀಳುವುದರಿಂದ, ಒಂದೊಂದು ಹೆಜ್ಜೆಯ ಪೆಟ್ಟೂ ಜೀನಿನ ಮೂಲಕ ನೇರವಾಗಿ ಬೆನ್ನುಮೂಳೆಗೆ ಏರುತ್ತದೆ. ಸೊಂಟ ಸಡಿಲವಾಗಿದ್ದರೆ ಆ ಪೆಟ್ಟು ಅಲ್ಲಿಯೇ ಕರಗುತ್ತದೆ. ಬಿಗಿದುಕೊಂಡಿದ್ದರೆ ಬೆನ್ನಿನ ಕೆಳಭಾಗದ ಕಶೇರುಮಣಿಗಳೂ ಅವುಗಳ ನಡುವಣ ಮೆತ್ತೆಯಂಥ ಡಿಸ್ಕುಗಳೂ ಅದನ್ನು ಹೊರಬೇಕಾಗುತ್ತದೆ.

ಇನ್ನು ಸೊಂಟದ ಕೀಲುಗಳ ಪಾಡು. ಕುದುರೆಯ ಅಗಲವಾದ ಬೆನ್ನಿನ ಎರಡು ಪಕ್ಕಕ್ಕೂ ತೊಡೆಗಳನ್ನು ಹರಡಿಕೊಂಡು ಗಂಟೆಗಟ್ಟಲೆ ಕುಳಿತಾಗ ತೊಡೆಯ ಒಳಮಗ್ಗುಲಿನ ಸ್ನಾಯುಗಳು ಒಂದು ಕಡೆ ಎಳೆತಕ್ಕೂ, ಮತ್ತೊಂದು ಕಡೆ ಹಿಡಿತದ ಶ್ರಮಕ್ಕೂ ಸಿಕ್ಕುತ್ತವೆ. ತೊಡೆಸಂದಿನ ನೋವಿನ ಮೂಲ ಬಹುಮಟ್ಟಿಗೆ ಇದೇ. ಕುದುರೆಯೇ ಸೈನ್ಯದ ಬಲವಾಗಿದ್ದ ಕಾಲದಲ್ಲಿ ವೈದ್ಯರು ಕೆಲವು ಸವಾರರ ತೊಡೆಯ ಒಳಸ್ನಾಯುವಿನ ತುದಿಯಲ್ಲಿ ಮೂಳೆಯೇ ಬೆಳೆದುಕೊಂಡಿರುವುದನ್ನು ಕಂಡು ಅದಕ್ಕೆ ‘ಸವಾರನ ಮೂಳೆ’ ಎಂದು ಹೆಸರಿಟ್ಟರು. ಮತ್ತೆ ಮತ್ತೆ ಗಾಸಿಗೊಂಡ ಸ್ನಾಯು ಯಾವ ಅವಸ್ಥೆಗೆ ಇಳಿಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಲಕರಣೆಯ ದೋಷವೂ ಕಡಿಮೆಯದಲ್ಲ. ರಿಕಾಪಿನ ಪಟ್ಟಿ ಗಿಡ್ಡವಾದರೆ ಮೊಣಕಾಲು ಮತ್ತು ಸೊಂಟ ಅತಿಯಾಗಿ ಮಡಿಚಿಕೊಳ್ಳುತ್ತವೆ. ಉದ್ದವಾದರೆ ಪಾದದಿಂದ ಅದನ್ನು ತಡಕುತ್ತಾ ಸವಾರ ಜೀನಿನ ಮೇಲೆ ಅತ್ತಿತ್ತ ಓಲಾಡುತ್ತಾನೆ. ಎರಡು ಪಟ್ಟಿಗಳು ಸಮನಾಗಿಲ್ಲದಿದ್ದರೆ ಒಂದೇ ಮಗ್ಗುಲಿಗೆ ಭಾರ ಬೀಳುತ್ತದೆ. ಜೀನು ಸವಾರನ ಮೈಕಟ್ಟಿಗೆ ಅಗಲವಾದರೆ ಸೊಂಟದ ಕೀಲು ನೋಯುತ್ತದೆ. ಹಿಂದಕ್ಕೆ ಜಗ್ಗಿದ್ದರೆ ಅವನು ಕುರ್ಚಿಯಲ್ಲಿ ಕುಳಿತವನಂತೆ ಕಾಲನ್ನು ಮುಂಚಾಚಿ ಬೆನ್ನನ್ನು ಬಾಗಿಸುತ್ತಾನೆ.

ಮಹಾನಗರದ ಹವ್ಯಾಸಿ ಸವಾರನಿಗಂತೂ ನಿಜವಾದ ಕುರ್ಚಿಯೇ ಮೊದಲ ಶತ್ರು. ವಾರದ ಐದಾರು ದಿನ ಕಚೇರಿಯಲ್ಲಿ ಎಂಟು ಗಂಟೆ ಕುರ್ಚಿ, ಅದರ ಮೇಲೆ ಲೋಕಲ್ ರೈಲಿನಲ್ಲೋ ಬಸ್ಸಿನಲ್ಲೋ ಒಂದೆರಡು ಗಂಟೆಯ ಪ್ರಯಾಣ. ಇದರಿಂದ ತೊಡೆಯ ಮುಂಭಾಗದ ಸ್ನಾಯುಗಳು ಗಿಡ್ಡಗಾಗಿ, ಪೃಷ್ಠದ ಸ್ನಾಯುಗಳು ಸೋಮಾರಿಗಳಾಗುತ್ತವೆ. ಭಾನುವಾರ ಬೆಳಿಗ್ಗೆ ಅದೇ ಮೈಯನ್ನು ಜೀನಿನ ಮೇಲೆ ಕೂರಿಸಿ ‘ಬೆನ್ನು ನೆಟ್ಟಗಿರಲಿ, ಹಿಮ್ಮಡಿ ಕೆಳಗಿರಲಿ’ ಎಂದರೆ ಅದು ಸೊಂಟದ ಕೊರತೆಯನ್ನು ಬೆನ್ನಿನಿಂದ ಸಾಲ ಪಡೆದು ತೀರಿಸುತ್ತದೆ. ಸಾಲದ ಬಡ್ಡಿ ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತಿಳಿಯುತ್ತದೆ.

ಎರಡು ತಪ್ಪು ದಾರಿಗಳು

ನೋವು ಬಂದವರು ಸಾಮಾನ್ಯವಾಗಿ ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು, ನೋವಿನ ಮಾತ್ರೆಯನ್ನು ನುಂಗಿ ಎಂದಿನಂತೆ ಸವಾರಿಯನ್ನು ಮುಂದುವರಿಸುವುದು. ನೋವು ಶರೀರದ ಕಾವಲುಗಾರ. ಮಾತ್ರೆಯಿಂದ ಅವನ ಬಾಯಿ ಕಟ್ಟಿ ಅದೇ ಪೆಟ್ಟನ್ನು ಮತ್ತೆ ಕೊಡುವುದು ವಿವೇಕವಲ್ಲ. ಮೇಲಾಗಿ ಇಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ತಾವಾಗಿಯೇ ನುಂಗುವವರಲ್ಲಿ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ ಉಂಟಾಗಬಹುದೆಂಬುದನ್ನು ವೈದ್ಯರೆಲ್ಲರೂ ಬಲ್ಲರು.

ಎರಡನೆಯದು, ಭೀತಿಯಿಂದ ಹಾಸಿಗೆ ಹಿಡಿಯುವುದು. ಬೆನ್ನು ಹಿಡಿದುಕೊಂಡರೆ ಹಲಗೆಯ ಮೇಲೆ ವಾರಗಟ್ಟಲೆ ಅಲುಗಾಡದೆ ಮಲಗಬೇಕೆಂದು ಹಿಂದಿನವರು ಹೇಳುತ್ತಿದ್ದುದುಂಟು. ಆ ನಂಬಿಕೆಯನ್ನು ವೈದ್ಯಶಾಸ್ತ್ರವೇ ತಿದ್ದಿಕೊಂಡಿದೆ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಏಳು ದಿನ ಮಲಗಿರಿ ಎಂದು ಹೇಳಿಸಿಕೊಂಡವರಿಗಿಂತ ಎರಡೇ ದಿನ ಮಲಗಿರಿ ಎಂದು ಹೇಳಿಸಿಕೊಂಡವರು ಕೆಲಸಕ್ಕೆ ಬೇಗ ಮರಳಿದರು. ಉಳಿದಂತೆ ಅವರಿಗೇನೂ ಕೆಡುಕಾಗಲಿಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ, ನೋವು ಬಿಟ್ಟಷ್ಟರ ಮಟ್ಟಿಗೆ ಎಂದಿನ ಓಡಾಟವನ್ನು ಇಟ್ಟುಕೊಂಡವರೇ ಮಲಗಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದು ಕಂಡುಬಂತು. ಹೊಸದಾಗಿ ಬಂದ ಬೆನ್ನುನೋವು ಬಹಳ ಮಂದಿಯಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಮುಖವಾಗುತ್ತದೆ.

ಸ್ಕ್ಯಾನಿನ ವರದಿಯ ಭಯವೂ ಇಂದಿನ ದೊಡ್ಡ ರೋಗ. ವರದಿಯಲ್ಲಿ ಡಿಸ್ಕು ಉಬ್ಬಿದೆಯೆಂದು ಓದಿದೊಡನೆ ಸವಾರಿಯ ಆಯುಷ್ಯವೇ ಮುಗಿಯಿತೆಂದು ಕುಸಿದು ಕೂರುವವರಿದ್ದಾರೆ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ಚಿತ್ರಗಳನ್ನು ನೋಡಿದಾಗ ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಒಂದಲ್ಲ ಒಂದು ಡಿಸ್ಕು ಉಬ್ಬಿದ್ದುದು ತಿಳಿದುಬಂತು. ಚಿತ್ರವನ್ನು ರೋಗಿಯ ಮೈಯೊಡನೆ ಹೊಂದಿಸಿ ಓದಬೇಕಾದವರು ವೈದ್ಯರು, ಚಿತ್ರವೊಂದೇ ತೀರ್ಪಲ್ಲ.

ಮಾಡಬೇಕಾದದ್ದು

ಮೊದಲ ಕೆಲಸ ಜೀನಿನ ಮೇಲಿನದು. ಸರಿಯಾಗಿ ಕುಳಿತ ಸವಾರನನ್ನು ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿಗಳು ಒಂದೇ ನೇರದಲ್ಲಿರುತ್ತವೆ. ಇದನ್ನು ಸವಾರ ತಾನೇ ಕಾಣಲಾರ. ನೆಲದ ಮೇಲೆ ನಿಂತ ಗುರು ಕಂಡು ಹೇಳಬೇಕು, ಇಲ್ಲವೇ ಮೊಬೈಲಿನಲ್ಲಿ ಹಿಡಿದ ಚಿತ್ರ ತೋರಿಸಬೇಕು. ಸವಾರಿಯ ಮೊದಲ ಹತ್ತು ನಿಮಿಷವನ್ನು ನಿಧಾನದ ನಡಿಗೆಗೆ ಮೀಸಲಿಟ್ಟರೆ ಕುದುರೆಯ ಮೈಯೂ ಸವಾರನ ಮೈಯೂ ಒಟ್ಟಿಗೆ ಕಾವೇರುತ್ತವೆ. ಬೆನ್ನು ನೋಯುತ್ತಿರುವ ದಿನಗಳಲ್ಲಿ ಕುಲುಕು ಓಟದಲ್ಲಿ ಜೀನಿಗೆ ಅಂಟಿ ಕೂರದೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಏಳುತ್ತಾ ಕೂರುತ್ತಾ ಸಾಗುವುದು ಒಳ್ಳೆಯದು. ಹಾಗೆ ಏಳುವಾಗಲೂ ಸದಾ ಒಂದೇ ಹೆಜ್ಜೆಗೆ ಏಳದೆ ಆಗಾಗ ಬದಲಾಯಿಸಬೇಕು. ನೆಲದಿಂದ ಒಂದೇ ಎಗರಿಗೆ ಕುದುರೆಯನ್ನು ಏರುವುದು ನೋಡಲು ಶೌರ್ಯವಾದರೂ, ಹತ್ತುವ ಮೆಟ್ಟಿಲನ್ನು ಬಳಸುವುದು ಸವಾರನ ಸೊಂಟಕ್ಕೂ ಕುದುರೆಯ ಬೆನ್ನಿಗೂ ಉಪಕಾರ.

ಎರಡನೆಯ ಕೆಲಸ ನೆಲದ ಮೇಲಿನದು. ಬಹುಪಾಲು ಸವಾರರು ತಪ್ಪಿಸಿಕೊಳ್ಳುವುದೂ ಇದನ್ನೇ. ಕುದುರೆ ಸವಾರಿಯೇ ವ್ಯಾಯಾಮವಾದ್ದರಿಂದ ಬೇರೆ ವ್ಯಾಯಾಮವೇಕೆಂಬ ವಾದ ಸರಿಯಲ್ಲ. ಒಂದು ಮೊಣಕಾಲನ್ನು ನೆಲಕ್ಕೂರಿ ಮತ್ತೊಂದು ಪಾದವನ್ನು ಮುಂದಿಟ್ಟು ತೊಡೆಯ ಮುಂಭಾಗವನ್ನು ಎಳೆಯುವುದು, ಎರಡೂ ಅಂಗಾಲುಗಳನ್ನು ಕೂಡಿಸಿ ಬದ್ಧಕೋಣಾಸನದಲ್ಲಿ ಕೂರುವುದು, ಮಲಗಿ ಸೊಂಟವನ್ನು ಮೇಲೆತ್ತುವ ಸೇತುಬಂಧಾಸನ, ಅಂಬೆಗಾಲಿನಲ್ಲಿ ನಿಂತು ಎದುರುಬದುರು ಕೈಕಾಲುಗಳನ್ನು ನೀಡುವುದು, ಒಂದು ಮಗ್ಗುಲಿಗೆ ಮೊಣಕೈಯೂರಿ ಮೈಯನ್ನು ಹಲಗೆಯಂತೆ ಎತ್ತಿ ಹಿಡಿಯುವುದು – ಇಷ್ಟಕ್ಕೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಇದಕ್ಕೆ ಬೇಕಾದದ್ದು ಒಂದು ಚಾಪೆ. ಮುಂಬಯಿಯ ಒಂದು ಕೋಣೆಯ ಮನೆಯಲ್ಲೂ ಅದಕ್ಕೆ ಜಾಗವುಂಟು. ನೋವು ಹೆಚ್ಚಿಸುವ ಆಸನವನ್ನು ಬಿಡಬೇಕು. ಹಳೆಯ ನೋವಿನವರು ಇವನ್ನು ಫಿಸಿಯೋಥೆರಪಿ ಬಲ್ಲವರಿಂದ ಕಲಿತೇ ಮಾಡತಕ್ಕದ್ದು. ಕಚೇರಿಯಲ್ಲಿರುವವರು ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದೇಳುವುದನ್ನು ರೂಢಿಸಿಕೊಂಡರೆ ಭಾನುವಾರದ ಸವಾರಿ ಅರ್ಧ ಸುಧಾರಿಸಿದಂತೆ.

ಮೂರನೆಯದು, ಬಿಡುವಿನ ಬಳಿಕ ಮರಳುವ ರೀತಿ. ವಾರಗಟ್ಟಲೆ ನಿಂತ ಕುದುರೆಯನ್ನು ಮೊದಲ ದಿನವೇ ನಾಗಾಲೋಟಕ್ಕೆ ಬಿಡುವವನನ್ನು ಮೂರ್ಖನೆನ್ನುತ್ತಾರೆ. ಸವಾರನಿಗೂ ಅದೇ ನ್ಯಾಯ ಸಲ್ಲಬೇಕು. ಮೊದಲು ನಡಿಗೆ, ಮರುದಿನ ನೋವು ಏರಲಿಲ್ಲವಾದರೆ ತುಸು ಕುಲುಕು ಓಟ, ಆಮೇಲೆ ಉಳಿದದ್ದು. ಶಾಖವೋ ಮಂಜುಗಡ್ಡೆಯೋ ಹಿತವಾದದ್ದನ್ನು ಇಟ್ಟುಕೊಳ್ಳಬಹುದು. ಅವು ನೋವನ್ನು ಶಮನ ಮಾಡುತ್ತವೆಯೇ ಹೊರತು ಕಾರಣವನ್ನು ತೆಗೆಯುವುದಿಲ್ಲ.

ತಡಮಾಡಬಾರದ ಲಕ್ಷಣಗಳು

ಕಾಯಬಹುದಾದ ನೋವು ಒಂದಾದರೆ, ಕಾಯಬಾರದ ನೋವು ಇನ್ನೊಂದು. ಸೊಂಟದಿಂದ ಹೊರಟು ತೊಡೆಯ ಹಿಂಬದಿಯಿಂದ ಪಾದದವರೆಗೆ ಮಿಂಚಿನಂತೆ ಹರಿಯುವ ನೋವನ್ನು ವೈದ್ಯರು ಸಯಾಟಿಕಾ ಎನ್ನುವರು. ಆಯುರ್ವೇದದಲ್ಲಿ ಅದು ಗೃಧ್ರಸಿ. ಇದು ಕೂಡ ಅನೇಕರಲ್ಲಿ ಶಸ್ತ್ರಕ್ರಿಯೆಯಿಲ್ಲದೆ ಗುಣವಾಗುತ್ತದೆ. ಆದರೆ ಕಾಲಿನ ಶಕ್ತಿ ಕುಂದುತ್ತಾ ಬಂದರೆ, ಪಾದ ಮೇಲಕ್ಕೆತ್ತಲು ಬಾರದಿದ್ದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ ಅಥವಾ ಮೂತ್ರ ಕಟ್ಟಿಕೊಂಡರೆ, ಕೂರುವ ಭಾಗ ಮರಗಟ್ಟಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಜೀನಿಗೆ ತಾಗುವ ಭಾಗವೇ ಹೀಗೆ ಮರಗಟ್ಟುವುದರಿಂದ ವೈದ್ಯರು ಈ ಲಕ್ಷಣವನ್ನು ಜೀನಿನ ಹೆಸರಿನಿಂದಲೇ ಗುರುತಿಸುತ್ತಾರೆ. ಇಲ್ಲಿ ತಡಮಾಡಿದ ಗಂಟೆಗಳಿಗೆ ಜೀವನಪರ್ಯಂತ ಬೆಲೆ ತೆರಬೇಕಾದೀತು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು – ಇವೂ ವೈದ್ಯರ ಮುಂದಿಡಬೇಕಾದ ಸಂಗತಿಗಳೇ.

ಕುದುರೆಯಿಂದ ಬಿದ್ದವನ ವಿಷಯದಲ್ಲಿ ಬೇರೆ ಎಚ್ಚರ ಬೇಕು. ಬಿದ್ದವನನ್ನು ನಾಲ್ಕು ಮಂದಿ ಕೈಕಾಲು ಹಿಡಿದು ಎತ್ತಿ ಕೂರಿಸಿ ನೀರು ಕುಡಿಸುವುದು ಕರುಣೆಯ ಕೆಲಸದಂತೆ ಕಂಡರೂ, ಕುತ್ತಿಗೆ ಅಥವಾ ಬೆನ್ನು ಮುರಿದಿದ್ದರೆ ಅದೇ ಅವನ ಕಾಲುಗಳನ್ನು ಕಳೆಯಬಹುದು. ಬೇರೆ ಅಪಾಯವಿಲ್ಲದ ಕಡೆ ಅವನನ್ನು ಅಲುಗಿಸದೆ, ಬಲ್ಲವರು ಬರುವವರೆಗೆ ತಲೆ ಕುತ್ತಿಗೆಗಳನ್ನು ಸ್ಥಿರವಾಗಿ ಹಿಡಿದಿರುವುದೇ ನಿಜವಾದ ಕರುಣೆ.

ಹಾಗಾದರೆ ಸವಾರಿಯನ್ನೇ ಬಿಟ್ಟುಬಿಡಬಾರದೇಕೆ?

ಈ ಪ್ರಶ್ನೆಯನ್ನು ಹಿತೈಷಿಗಳು ಕೇಳಿಯೇ ಕೇಳುತ್ತಾರೆ. ಕೆಲವರಿಗೆ ಬಿಡುವುದೇ ಸರಿ; ವೈದ್ಯರು ಬೇಡವೆಂದ ಮೇಲೂ ಹಟಕ್ಕೆ ಏರುವುದು ಶೌರ್ಯವಲ್ಲ. ಆದರೆ ಎಲ್ಲರಿಗೂ ಇದೇ ಉತ್ತರವಲ್ಲ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ 1944ರಲ್ಲಿ ಪೋಲಿಯೋ ತಗಲಿತು. ಮೊಣಕಾಲಿನಿಂದ ಕೆಳಗಿನ ಶಕ್ತಿ ಅವರಿಗೆ ಮರಳಲಿಲ್ಲ. ಕುದುರೆಯನ್ನು ಏರಲು, ಇಳಿಯಲು ಅವರಿಗೆ ಮತ್ತೊಬ್ಬರ ಆಸರೆ ಬೇಕಿತ್ತು. ಹಾಗಿದ್ದೂ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಪುರುಷರೊಡನೆ ಸ್ಪರ್ಧಿಸಿ ಡ್ರೆಸ್ಸಾಜ್ ವಿಭಾಗದ ಬೆಳ್ಳಿಪದಕವನ್ನು ಗೆದ್ದರು. 1956ರಲ್ಲಿ ಮತ್ತೊಮ್ಮೆ ಗೆದ್ದರು. ಅವರ ಗೆಲುವು ನೋವನ್ನು ಅಡಗಿಸಿಟ್ಟದ್ದರ ಗೆಲುವಲ್ಲ. ತನ್ನ ಮೈಯ ಇತಿಮಿತಿಗಳನ್ನು ಸ್ಪಷ್ಟವಾಗಿ ಒಪ್ಪಿಕೊಂಡು, ಸಹಾಯವನ್ನು ನಾಚಿಕೆಯಿಲ್ಲದೆ ಸ್ವೀಕರಿಸಿ, ಕ್ರಮವಾಗಿ ಸಾಧಿಸಿದ್ದರ ಗೆಲುವು. ನೋವಿರುವ ಪ್ರತಿಯೊಬ್ಬ ಸವಾರನೂ ಅವರಿಂದ ಕಲಿಯಬೇಕಾದದ್ದು ಈ ಪ್ರಾಮಾಣಿಕತೆಯನ್ನು.

ಆದರೆ ಪ್ರಾಮಾಣಿಕತೆಯ ಭಾರವನ್ನೆಲ್ಲ ಸವಾರನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ನೋವನ್ನು ಹೇಳಿಕೊಂಡರೆ ಆ ದಿನದ ಕೂಲಿ ತಪ್ಪುವುದಾದರೆ ಯಾವ ಬಡ ಸವಾರ ತಾನೇ ಬಾಯಿ ತೆರೆದಾನು? ಆದುದರಿಂದ ಸವಾರಿಶಾಲೆಗಳೂ, ರೇಸು ಕುದುರೆಗಳ ಮಾಲೀಕರೂ, ಅಶ್ವದಳದ ಅಧಿಕಾರಿಗಳೂ ಕುದುರೆಗಿರುವಂತೆ ಸವಾರನಿಗೂ ಒಂದು ಆರೋಗ್ಯದ ಪುಸ್ತಕವನ್ನು ಇಡಬೇಕು. ಬಿದ್ದ ದಿನ, ನೋವಿನ ಜಾಗ, ಕೊಟ್ಟ ಬಿಡುವು, ಮರಳಿದ ದಿನ – ಇಷ್ಟನ್ನು ಬರೆದರೂ ಸಾಕು. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ವಾರಕ್ಕೊಮ್ಮೆ ಸಾಮೂಹಿಕ ಅಂಗಸಾಧನೆ, ಗಾಯಗೊಂಡವನಿಗೆ ಸಂಬಳ ಸಹಿತವಾದ ಬಿಡುವು – ಇವು ದಾನವಲ್ಲ, ದುರಸ್ತಿಯ ಖರ್ಚು. ಲಾಳಕ್ಕೆ, ಹುಲ್ಲಿಗೆ, ಹುರುಳಿಗೆ ತಪ್ಪದೆ ಹಣ ತೆಗೆದಿಡುವವರಿಗೆ ಇದು ಮೀರಿದ ಹೊರೆಯಾಗಲಾರದು.

ಮಹಾನಗರದ ಕನ್ನಡಿಗರಲ್ಲಿ ಕುದುರೆ ಏರುವವರು ಕೆಲವರೇ ಇರಬಹುದು. ಆದರೆ ಕುರ್ಚಿಯೇ ಜೀನಾಗಿ, ಲೋಕಲ್ ರೈಲೇ ಕುದುರೆಯಾಗಿ, ಬೆನ್ನುನೋವನ್ನು ಮನೆಯವರಿಗೂ ಹೇಳದೆ ಹಲ್ಲುಕಚ್ಚಿ ದಿನ ದೂಡುವವರು ಪ್ರತಿ ಮನೆಯಲ್ಲೂ ಇದ್ದಾರೆ. ಊರಿನ ತಂದೆತಾಯಿಯರಿಗೆ ದೂರವಾಣಿಯಲ್ಲಿ ‘ಚೆನ್ನಾಗಿದ್ದೇನೆ’ ಎಂದು ಹೇಳುವಾಗ ಅವರ ಒಂದು ಕೈ ಸೊಂಟದ ಮೇಲೆಯೇ ಇರುತ್ತದೆ. ಈ ಮಾತುಗಳು ಅವರಿಗೂ ಸಲ್ಲುತ್ತವೆ.

ಕುದುರೆ ಕುಂಟಿದರೆ ಸವಾರ ಇಳಿದು ಅದರ ಕಾಲನ್ನು ಎತ್ತಿ ನೋಡುತ್ತಾನೆ. ಸವಾರ ಕುಂಟಿದರೆ ಇಳಿದು ನೋಡಲು ಕುದುರೆಗೆ ಬಾರದು. ಆ ಕೆಲಸವನ್ನು ಮೊದಲು ಸವಾರನೂ, ಅವನ ಜೊತೆಯವರೂ, ಅವನಿಂದ ದುಡಿಸಿಕೊಳ್ಳುವವರೂ ಮಾಡಬೇಕು.